ತೀರ್ಪುಗಾರನ ಸ್ಥಾನ



ಮುಂಬಯಿಯ ಸಾಂತಾಕ್ರೂಜಿನಲ್ಲಿ ಚರ್ಚ್‌ಗೇಟಿನ ಲೋಕಲ್ ಹತ್ತಿ ಮರೀನ್ ಲೈನ್ಸ್ ದಾಟಿದೊಡನೆ ಹಳಿಯ ಮಗ್ಗುಲಲ್ಲಿಯೇ ಕಾಣುವ ವಾಂಖೇಡೆ ಕ್ರೀಡಾಂಗಣವನ್ನು ನೀವೆಲ್ಲರೂ ಬಲ್ಲಿರಿ. 1980ರ ಫೆಬ್ರವರಿಯಲ್ಲಿ ಅಲ್ಲಿ ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯದಲ್ಲಿ, ಇಂಗ್ಲೆಂಡ್ ತಂಡವು ಐದು ವಿಕೆಟ್ ಕಳೆದುಕೊಂಡು ಸಂಕಟದಲ್ಲಿದ್ದಾಗ, ಕಪಿಲ್ ದೇವ್ ಅವರ ಚೆಂಡು ಬಾಬ್ ಟೇಲರ್ ಅವರ ಬ್ಯಾಟಿಗೆ ತಾಗಿ ಕೀಪರನ ಕೈಸೇರಿತೆಂದು ಭಾವಿಸಿ ಅಂಪೈರ್ ಎಸ್. ಎನ್. ಹನುಮಂತರಾವ್ ಅವರು ಬೆರಳೆತ್ತಿದರು. ಮೊದಲ ಸ್ಲಿಪ್ಪಿನಲ್ಲಿ ನಿಂತಿದ್ದ ಭಾರತದ ನಾಯಕ ಗುಂಡಪ್ಪ ವಿಶ್ವನಾಥರಿಗೆ ಚೆಂಡು ಬ್ಯಾಟನ್ನು ಸೋಕಲಿಲ್ಲವೆಂಬುದು ನಿಶ್ಚಿತವಾಗಿತ್ತು. ಅವರು ಅಂಪೈರರ ಬಳಿಗೆ ನಡೆದು, ತಮ್ಮ ತಂಡದ ಅಪೀಲನ್ನು ಹಿಂತೆಗೆದುಕೊಂಡು, ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಜೊತೆಗಾರ ಇಯಾನ್ ಬೋಥಮ್ ಆರನೆಯ ವಿಕೆಟ್ಟಿಗೆ 171 ರನ್ ಕೂಡಿಸಿದರು. ಭಾರತವು ಹತ್ತು ವಿಕೆಟ್ಟುಗಳಿಂದ ಪರಾಭವಗೊಂಡಿತು.

ಜನರು ನಾಯಕನ ಔದಾರ್ಯವನ್ನು ಮಾತ್ರ ಕೊಂಡಾಡುತ್ತಾರೆ. ಆದರೆ ಅಪೀಲನ್ನು ಹಿಂತೆಗೆಯಲು ಅಂಪೈರನ ಸಮ್ಮತಿಯೂ ಬೇಕು. ತುಂಬಿದ ಸಭೆಯೆದುರು ಕೊಟ್ಟ ತೀರ್ಪನ್ನು ಮರಳಿ ಪಡೆಯಲು ಒಪ್ಪಿದ ಹನುಮಂತರಾವ್ ಅವರ ಧೈರ್ಯವು ನನ್ನ ದೃಷ್ಟಿಯಲ್ಲಿ ಕಿರಿದಾದುದಲ್ಲ. ಅವರಿಬ್ಬರೂ ಕನ್ನಡ ನಾಡಿನವರೆಂಬುದು ನಮಗೆ ಸಂತೋಷದ ಸಂಗತಿ. ಭದ್ರಾವತಿಯಲ್ಲಿ ಹುಟ್ಟಿ, 91 ಟೆಸ್ಟುಗಳಲ್ಲಿ 6080 ರನ್ ಗಳಿಸಿದ ವಿಶ್ವನಾಥರು 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. ಆ ಸ್ಥಾನಕ್ಕೆ ಬೇಕಾದ ಯೋಗ್ಯತೆಯನ್ನು ಅವರು ವಾಂಖೇಡೆಯಲ್ಲಿಯೇ ತೋರಿಸಿದ್ದರು.

ಕರ್ನಾಟಕದ ಪರವಾಗಿ ರಣಜಿ ಆಡಿ, ಅನಂತರ ಅಂಪೈರಾಗಿ 13 ಟೆಸ್ಟುಗಳಲ್ಲಿ ನಿಂತ ಎ. ವಿ. ಜಯಪ್ರಕಾಶರ ಪರೀಕ್ಷೆಯು ಬೇರೆ ಬಗೆಯದು. 1999ರ ಫೆಬ್ರವರಿಯಲ್ಲಿ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ 74 ರನ್ನುಗಳಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ, ಬೌಲರನ ತುದಿಯಲ್ಲಿ ನಿಂತಿದ್ದವರು ಜಯಪ್ರಕಾಶರು. ಅಂದಿನ ನಿಯಮದಂತೆ ಒಬ್ಬ ಅಂಪೈರ್ ಹೊರದೇಶದವರಾಗಿದ್ದು ಇನ್ನೊಬ್ಬರು ಆತಿಥೇಯ ದೇಶದವರೇ ಆಗಿದ್ದುದರಿಂದ, ತಮ್ಮ ನಾಡಿನ ಬೌಲರ್ ಕೂಗಿ ಕೇಳುತ್ತಿರುವಾಗ, ಇಡೀ ಮೈದಾನವು ಒಂದೇ ಉತ್ತರಕ್ಕಾಗಿ ಮೊರೆಯುತ್ತಿರುವಾಗ, ಚೆಂಡಿನ ಗತಿಯೊಂದನ್ನೇ ನೋಡಿ ತೀರ್ಪು ಹೇಳಬೇಕಾದ ಭಾರವು ಅವರ ಮೇಲಿತ್ತು. ಆಡಿದವನಿಗೆ ಆಟಗಾರನ ಆಸೆ ಗೊತ್ತು. ಅದಕ್ಕೆ ಮಣಿಯದಿರುವುದು ಅವನಿಗೇ ಹೆಚ್ಚು ಕಷ್ಟ.

ಈ ದಿನ ಪದವೀಧರರಾಗುತ್ತಿರುವ ನಿಮ್ಮಲ್ಲಿ ನಾಳೆ ಕೆಲವರು ಉತ್ತರಪತ್ರಿಕೆಗಳನ್ನು ತಿದ್ದುವಿರಿ, ಕೆಲವರು ಸಾಲದ ಅರ್ಜಿಗಳನ್ನು ಪರಿಶೀಲಿಸುವಿರಿ, ಒಬ್ಬಿಬ್ಬರು ನ್ಯಾಯಪೀಠವನ್ನೇ ಏರಬಹುದು. ಅರ್ಜಿದಾರನು ನಿಮ್ಮ ಊರಿನವನೋ ನಿಮ್ಮ ಭಾಷೆಯವನೋ ಆಗಿದ್ದಾಗ ಜಯಪ್ರಕಾಶರನ್ನು ನೆನೆಯಿರಿ. ಇನ್ನೊಂದು ಬೇಡಿಕೆಯೂ ಉಂಟು: ಈ ನಗರದಲ್ಲಿ ಮಳೆಗಾಲದ ಕಾಂಗಾ ಕ್ರಿಕೆಟ್ ಲೀಗಿಗೂ ಶಾಲಾ ಬಾಲಕರ ಪಂದ್ಯಗಳಿಗೂ ಅಂಪೈರುಗಳು ಬೇಕು; ಕಾಲೇಜಿನ ತಂಡದಲ್ಲಿ ಆಡಿದವರು ಬ್ಯಾಟನ್ನು ಕೆಳಗಿಟ್ಟ ಮೇಲೆ ನಿಯಮಗಳ ಪುಸ್ತಕವನ್ನು ಓದಿ, ಪರೀಕ್ಷೆಗೆ ಕುಳಿತು, ಆ ಕೆಲಸಕ್ಕೆ ಬನ್ನಿರೆಂದು ಪ್ರಾರ್ಥಿಸುತ್ತೇನೆ.