ದಣಿವು ಸೋಮಾರಿತನವಲ್ಲ



ಮುಂಜಾನೆ ಏಳುವಾಗಲೇ ದಣಿದಿರುವ ಹೆಣ್ಣುಮಗಳಿಗೆ ನಮ್ಮ ಮಲೆನಾಡಿನಲ್ಲಿ 'ಸೋಮಾರಿ' ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಆದರೆ ತಿಂಗಳುಗಟ್ಟಲೆ ಬಿಡದ ದಣಿವು ಸ್ವಭಾವವಲ್ಲ, ರೋಗಲಕ್ಷಣ. ಕಾರಣ ಹುಡುಕದೆ ಟಾನಿಕ್ ಕುಡಿಸುವುದೆಂದರೆ, ಬೇರು ಕೊಳೆತು ಹಳದಿಯಾದ ಅಡಿಕೆ ಗಿಡಕ್ಕೆ ಗೊಬ್ಬರ ಸುರಿದಂತೆ.

ಮೊದಲು ನೋಡಬೇಕಾದುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಸುಮಾರು ಶೇ. 48ರಷ್ಟು ಮಂದಿಗೆ ಅದು ಇದೆ. ಬಯಲು ಶೌಚದಿಂದ ಮಲಿನವಾದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಹೊಕ್ಕು, ಕರುಳನ್ನು ಸೇರಿ ರಕ್ತ ಹೀರುತ್ತವೆ. ವೈದ್ಯರ ಸಲಹೆಯಂತೆ ಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ. ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ – ಇವೇ ಪರಿಹಾರ. ಊಟದೊಡನೆ ಕಾಫಿ, ಚಹಾ ಬೇಡ. ಅವು ಕಬ್ಬಿಣಾಂಶವನ್ನು ತಡೆಯುತ್ತವೆ. ನಿಂಬೆ, ನೆಲ್ಲಿ ಅದನ್ನು ಹೀರಿಕೊಳ್ಳಲು ನೆರವಾಗುತ್ತವೆ.

ಥೈರಾಯ್ಡ್ ದೋಷ, ಮಧುಮೇಹ, ಕ್ಷಯ, ಖಿನ್ನತೆಗಳನ್ನೂ ಪರೀಕ್ಷಿಸಬೇಕು.

ಇವಾವುವೂ ಇಲ್ಲದೆ ಆರು ತಿಂಗಳಿಗೂ ಮೀರಿ ಬಳಲಿಕೆ ಉಳಿದು, ಅಲ್ಪ ಶ್ರಮಕ್ಕೇ ಉಲ್ಬಣಿಸಿ, ನಿದ್ರೆಯಿಂದಲೂ ಚೇತರಿಕೆ ದೊರೆಯದಿದ್ದರೆ ಅದು ದೀರ್ಘಕಾಲಿಕ ಬಳಲಿಕೆಯ ರೋಗವಿರಬಹುದು. ಹಲವರಲ್ಲಿ ಅದು ವೈರಾಣು ಸೋಂಕಿನ ಬಳಿಕ ತಲೆದೋರುತ್ತದೆ. ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಶಕ್ತಿಯ ಮಿತಿಯೊಳಗೆ ದುಡಿಮೆ, ನಡುನಡುವೆ ವಿಶ್ರಾಂತಿ – ಇದೇ ಇಂದಿನ ದಾರಿ.

ಔಷಧಕ್ಕೂ ಮುನ್ನ ಬೇಕಾದುದು ಮನೆಯವರ ನಂಬಿಕೆ. ಆಕೆ 'ಆಗುವುದಿಲ್ಲ' ಎಂದಾಗ ಬೈಯದೆ, ಆಸ್ಪತ್ರೆಗೆ ಕರೆದೊಯ್ಯೋಣ.