ಓದಿದವರಿಗೆ ಯಾವ ಗೇಟು?

(ಬಿಡದಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಓದಿನ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಮೂವತ್ತೆಂಟನೇ ವಯಸ್ಸಿನಲ್ಲಿ ಜ್ಞಾನಭಾರತಿಗೆ ಎಂ.ಎ. ಓದಲು ಹೋಗುತ್ತಿರುವವನು ನಾನು. ರಾತ್ರಿ ಪಾಳಿ ಮುಗಿಸಿ ಕೆಂಗೇರಿ ಬಸ್ಸು ಹತ್ತಿದರೆ ತರಗತಿಯಲ್ಲಿ ಕಣ್ಣು ಎಳೆಯುತ್ತದೆ. ಕೇರಿಯಲ್ಲಿ ಹಿರಿಯರು ಕೇಳುತ್ತಾರೆ, "ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀಯಪ್ಪ, ಮಕ್ಕಳನ್ನ ಓದ್ಸು" ಅಂತ.

ಬಾಬಾಸಾಹೇಬರು 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಂದರು. ಬರೋಡದಲ್ಲಿ ಕೆಲಸ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಆಮೇಲೆ ಮುಂಬೈನ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟರು. ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತನ ಹತ್ತಿರ ಸಾಲ, ಇಷ್ಟು ಸೇರಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದಾಗ ಅವರಿಗೆ 29 ವರ್ಷ, ಸಂಸಾರಸ್ಥರು. ನಾವು ಗೋಡೆಗೆ ಹಾಕುವ ಕೋಟಿನ ಫೋಟೋದಲ್ಲಿ ಈ ಸಾಲ ಕಾಣುವುದಿಲ್ಲ. ವಯಸ್ಸಿನ ಮಾತು ಇಲ್ಲಿಗೆ ಸಾಕು.

ನಾನು ಹೇಳಬೇಕಾದ್ದು ಬೇರೆ. ನೀವೆಲ್ಲ ಓದಿ ಮುಗಿಸಿ ಎಲ್ಲಿಗೆ ಹೋಗುತ್ತೀರಿ? ಕೆ.ಎ.ಎಸ್. ಅನ್ನುತ್ತೀರಿ, ಮೇಷ್ಟ್ರ ಕೆಲಸ ಅನ್ನುತ್ತೀರಿ. ಆಗಲಿ. ಆದರೆ ಬಹಳ ಮಂದಿ ಬರುವುದು ಇದೇ ಕೈಗಾರಿಕಾ ಪ್ರದೇಶಕ್ಕೆ, ಕಂಟ್ರಾಕ್ಟರ ಕೈಕೆಳಗೆ. ನಾನು ಹನ್ನೆರಡು ವರ್ಷ ಕಂಡಿದ್ದನ್ನು ಹೇಳುತ್ತೇನೆ, ಕಾರ್ಖಾನೆಯ ಹೆಸರು ಬೇಡ. ಕಾಯಂ ನೌಕರರಿಗೆ ಒಂದು ಗೇಟು, ನಮಗೆ ಒಂದು ಗೇಟು. ಬಿ.ಎ. ಮಾಡಿದವನೂ ಎಸ್ಸೆಸ್ಸೆಲ್ಸಿ ಫೇಲಾದವನೂ ಒಂದೇ ಸಾಲಿನಲ್ಲಿ ಪೆಟ್ಟಿಗೆ ಕಟ್ಟುತ್ತೇವೆ. ಕಕ್ಕಸು ತೊಳೆಯುವ ಹೌಸ್‌ಕೀಪಿಂಗ್ ಪಟ್ಟಿ ನೋಡಿದರೆ ಊರಿನವರ ಹೆಸರು ಹುಡುಕಬೇಕು, ಕೇರಿಯವರ ಹೆಸರು ಹುಡುಕಬೇಕಾಗಿಲ್ಲ. ಸೇರಿದ ಮೊದಲ ವಾರವೇ ಸೂಪರ್‌ವೈಸರ್ "ನೀವು ಯಾವ ಪೈಕಿ?" ಅಂದ. ರೂಮು ಬಾಡಿಗೆಗೆ ಕೊಡುವವನೂ ಅದನ್ನೇ ಕೇಳುತ್ತಾನೆ.

ಇದು ಹೊಸದಲ್ಲ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ನಮ್ಮವರನ್ನು ನೂಲುವ ವಿಭಾಗಕ್ಕೆ ಬಿಟ್ಟರೇ ಹೊರತು ಹೆಚ್ಚು ಕೂಲಿಯ ನೇಯ್ಗೆಗೆ ಬಿಡಲಿಲ್ಲ. ಹರಿದ ಎಳೆಯನ್ನು ಬಾಯೆಂಜಲಿಂದ ಒದ್ದೆ ಮಾಡಿ ಕೂಡಿಸಬೇಕು, ಮೈಲಿಗೆ ಅಂತ! 1938ರ ಫೆಬ್ರವರಿಯಲ್ಲಿ ಮನಮಾಡಿನಲ್ಲಿ ದಲಿತ ರೈಲ್ವೆ ಕೆಲಸಗಾರರ ಸಮ್ಮೇಳನದಲ್ಲಿ ಬಾಬಾಸಾಹೇಬರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ದುಡಿಯುವವರ ಶತ್ರುಗಳು ಅಂದರು. ನಮ್ಮಲ್ಲಿ ಕೆಲವರು ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ, ಯೂನಿಯನ್ನಿನವರು ಎರಡನೆಯದನ್ನು ಮಾತ್ರ.

1942ರಲ್ಲಿ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದ ಮೇಲೆ ದುಡಿಮೆಯ ಗಂಟೆ ಇಳಿಸಲು ಅವರೇ ನಿಂತರು. 1946ರ ತಿದ್ದುಪಡಿಯಿಂದ ವಾರಕ್ಕೆ 48 ಗಂಟೆ ಆಯಿತು. ನಮ್ಮ ರಾಜ್ಯ 2023ರಲ್ಲಿ ಮತ್ತೆ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ಅವಕಾಶ ಕೊಟ್ಟಿತು. ವಾರಕ್ಕೆ 48 ಮೀರಬಾರದು, ಕೆಲಸಗಾರ ಬರಹದಲ್ಲಿ ಒಪ್ಪಬೇಕು ಅಂತಲೂ ಬರೆಯಿತು. ಕಂಟ್ರಾಕ್ಟರ ಮುಂದೆ ನಿಂತವನ ಒಪ್ಪಿಗೆ ಎಂಥದ್ದು ಅಂತ ಬರೆಯಲಿಲ್ಲ.

2020ರ ನವೆಂಬರಿನಲ್ಲಿ ಇಲ್ಲೇ ಟೊಯೋಟ ಕಾರ್ಖಾನೆಯಲ್ಲಿ ಕೆಲಸದ ಹೊರೆ, ನೌಕರನೊಬ್ಬನ ಅಮಾನತು, ಈ ಕಾರಣಕ್ಕೆ ಮುಷ್ಕರ ಆಯಿತು. ಆಡಳಿತ ಲಾಕೌಟ್ ಮಾಡಿತು. 2021ರ ಮಾರ್ಚಿನವರೆಗೂ ಎಳೆಯಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಸಂಘ ಇದ್ದ ಕಾಯಂ ನೌಕರರಿಗೇ ನಾಲ್ಕು ತಿಂಗಳು ಬೀದಿ. ಸಂಘವೇ ಇಲ್ಲದ ಗುತ್ತಿಗೆಯವನನ್ನು ನಾಳೆ ಬರಬೇಡ ಅನ್ನಲು ಒಂದು ಫೋನು ಸಾಕು.

ಹಾಸ್ಟೆಲಿನಲ್ಲಿ ಈಗ ಒಳಮೀಸಲಾತಿಯದೇ ಜಗಳ. 2025ರ ಆಗಸ್ಟಿನಲ್ಲಿ ಸರ್ಕಾರ ಹದಿನೇಳನ್ನು ಆರು, ಆರು, ಐದು ಅಂತ ಹಂಚಿತು. ಒಳಮೀಸಲಾತಿ ನ್ಯಾಯವಾದದ್ದು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಎಡಗೈ ಬಲಗೈ ಅಂತ ಒಂದೇ ತಟ್ಟೆಯಲ್ಲಿ ಉಣ್ಣದೆ ಕೂತಿರುವ ತಮ್ಮಂದಿರನ್ನು ಕೇಳುತ್ತೇನೆ: ಈ ಗೇಟಿನೊಳಗೆ ಹದಿನೇಳೂ ಇಲ್ಲ, ಒಂದೂ ಇಲ್ಲ. 2024ರ ಜುಲೈನಲ್ಲಿ ಖಾಸಗಿ ಕೆಲಸ ಸ್ಥಳೀಯರಿಗೆ ಅಂತ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮದವರು ಕೂಗಿದ ಕೂಡಲೇ ತಡೆಹಿಡಿಯಿತು. ಅದರಲ್ಲೂ ಜಾತಿಯ ಮಾತಿರಲಿಲ್ಲ. ಇತ್ತ ಭೈರಮಂಗಲದ ಕಡೆ ಹೊಸ ಟೌನ್‌ಶಿಪ್ಪಿಗೆ ಭೂಮಿ ಕೊಡುವುದಿಲ್ಲ ಅಂತ ರೈತರು 2025ರಲ್ಲಿ ಧರಣಿ ಕೂತರು. ಅವರ ಹೊಲದಲ್ಲಿ ಕಳೆ ಕೀಳುವ ನಮ್ಮ ಅವ್ವಂದಿರ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ಅದಕ್ಕೇ ನಾನು ಎಂ.ಎ.ಗೆ ಸಮಾಜಶಾಸ್ತ್ರ ತೆಗೆದುಕೊಂಡು ಕಿರುಪ್ರಬಂಧಕ್ಕೆ ಗುತ್ತಿಗೆ ಕೆಲಸವನ್ನೇ ಆರಿಸಿಕೊಂಡೆ. ನೀವು ಬಿ.ಕಾಂ. ಓದಿ, ಐ.ಟಿ.ಐ. ಓದಿ, ಜೊತೆಗೆ ಇದನ್ನೂ ಓದಿ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಗುತ್ತಿಗೆ ಕಾಯ್ದೆ ಇಪ್ಪತ್ತು ಜನ ಗುತ್ತಿಗೆ ಕೆಲಸಗಾರರಿದ್ದ ಕಡೆ ಅನ್ವಯಿಸುತ್ತಿತ್ತು. ಈಗ ಐವತ್ತು ಜನ ಬೇಕು. ಅದು ನಮಗೆ ನಷ್ಟ. ಆದರೆ ಪ್ರತಿ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು ಅಂತಲೂ ಅದರಲ್ಲಿದೆ. ಕಂಟ್ರಾಕ್ಟರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತಲೂ ಇದೆ. ಇದನ್ನು ನಮ್ಮ ಅಣ್ಣಂದಿರಿಗೆ ಓದಿ ಹೇಳುವವರು ಯಾರು? ನಿಮ್ಮನ್ನು ಬಿಟ್ಟರೆ ಅವರ ಮನೆಯಲ್ಲಿ ಕಾಯಿದೆಯ ಭಾಷೆ ಓದಬಲ್ಲವರಿಲ್ಲ.

ಮುಂದಿನ ಭಾನುವಾರ ಪಾಳಿ ಇಲ್ಲ, ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಇರುತ್ತೇನೆ. ಅಪ್ಪನೋ ಅಕ್ಕನೋ ಗುತ್ತಿಗೆ ಕೆಲಸದಲ್ಲಿದ್ದರೆ ಅವರ ಸಂಬಳದ ಚೀಟಿ, ಪಿ.ಎಫ್. ನಂಬರು, ಇ.ಎಸ್.ಐ. ಕಾರ್ಡು ತನ್ನಿ. ಚೀಟಿಯೇ ಕೊಟ್ಟಿಲ್ಲ ಅಂದರೆ ಅದನ್ನೂ ಒಂದು ಹಾಳೆಯಲ್ಲಿ ಬರೆದು ತನ್ನಿ. ಕೂತು ಓದೋಣ.

ಜೈ ಭೀಮ್.