ಫಲಿತಾಂಶದ ಪಟ್ಟಿಯಲ್ಲಿ ಕಾಣದ ಮಕ್ಕಳು
(ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ. 73.40. ನಮ್ಮ ಶಿವಮೊಗ್ಗ ಜಿಲ್ಲೆಯದು ಶೇ. 88.67, ಉಡುಪಿ, ದಕ್ಷಿಣ ಕನ್ನಡಗಳ ನಂತರ ಮೂರನೆಯ ಸ್ಥಾನ. ಸಂತೋಷದ ವಿಷಯವೇ ಸರಿ. ಆದರೆ ಈ ಲೆಕ್ಕ ಪರೀಕ್ಷೆಗೆ ಕುಳಿತವರದ್ದು ಮಾತ್ರ ಎಂಬುದನ್ನು ನಾವು ಮರೆಯುತ್ತೇವೆ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ಅನುತ್ತೀರ್ಣರ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವನು ಯಾವ ಪಟ್ಟಿಯಲ್ಲಿಯೂ ಇಲ್ಲ.

6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಸೇರಿಯೇ ಇಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಆ ಬಳಿಕ 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಆದರೆ ಅದರ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಉರ್ದು ಮಾಧ್ಯಮದಲ್ಲಿ ಕಲಿತ ಮಗು ಪ್ರೌಢಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಬೇಕಾಗಿ ಬಂದು ಎಡವುವುದೂ ಸರಿಸುಮಾರು ಅದೇ ವಯಸ್ಸಿನಲ್ಲಿ.

ಬಡತನವೇ ಕಾರಣವೆನ್ನುತ್ತೇವೆ. 2015ರಲ್ಲಿ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತ ಮೇಲೆ ಈ ಊರಿನ ಎಷ್ಟೋ ಮನೆಗಳ ಆಧಾರ ಕುಸಿದದ್ದು ನಿಜ. 2022ರಲ್ಲಿ ಕೇಂದ್ರ ಸರಕಾರ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿದ್ದೂ ಅನ್ಯಾಯವೇ. ಆದರೆ ವಲೀಮಾದ ಊಟಕ್ಕೆ ಸಾಲ ಮಾಡುವ ಮನೆಯವರೂ ಇದೇ ಕಾರಣ ಕೊಟ್ಟರೆ ಒಪ್ಪುವುದು ಹೇಗೆ?

ಇನ್ನು ಸರಕಾರದ ಹಣದ ವಿಷಯ. ಅದು ಮಕ್ಕಳ ತಲೆ ಎಣಿಸಿ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 101ರಿಂದ 250 ಮಕ್ಕಳಿರುವ ಶಾಲೆಯ ವಾರ್ಷಿಕ ಅನುದಾನ 50,000 ರೂಪಾಯಿ. ದಾಖಲಾತಿ ನೂರಕ್ಕೆ ಇಳಿದರೆ 25,000. ಒಂದು ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಹೋದರೆ ಶಾಲೆಯ ಅರ್ಧ ಅನುದಾನವೇ ಹೋಗಬಹುದು! ಶಿಕ್ಷಕರ ಹುದ್ದೆಯೂ ಹಾಗೆಯೇ. 1ರಿಂದ 5ನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61 ಆದರೆ ಮೂವರು. ಐದು ತರಗತಿಗಳನ್ನು ಇಬ್ಬರೇ ನಡೆಸುವ ಶಾಲೆಯಲ್ಲಿ ಪಾಠ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಪಾಠ ಸರಿಯಿಲ್ಲವೆಂದು ಮತ್ತೆ ಹತ್ತು ಮನೆಯವರು ಖಾಸಗಿ ಶಾಲೆಗೆ ಹೋಗುತ್ತಾರೆ. ಉಳಿಯುವುದು ಶುಲ್ಕ ಕಟ್ಟಲಾಗದವರ ಮಕ್ಕಳು. ಅವರ ಪಾಲಿಗೆ ಶಿಕ್ಷಕರೂ ಕಡಿಮೆ, ಹಣವೂ ಕಡಿಮೆ.

ಇಲ್ಲಿ ನಾವು ಏನು ಮಾಡಬಲ್ಲೆವು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಎಸ್‌ಡಿಎಂಸಿ ಎಂದು ನಾವು ಕರೆಯುವ ಈ ಸಮಿತಿಗೆ ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವ, ಅನುದಾನದ ಬಳಕೆಯನ್ನು ಗಮನಿಸುವ ಅಧಿಕಾರವಿದೆ. ಸಮಿತಿಯಲ್ಲಿರುವ ತಾಯಂದಿರು ಸಹಿಗಷ್ಟೇ ಸೀಮಿತರಾಗದೆ ಲೆಕ್ಕದ ಪುಸ್ತಕವನ್ನು ಕೇಳಬೇಕು.

ಬರುವ ಜೂನ್‌ಗೆ ಮುನ್ನ ಪ್ರತಿಯೊಂದು ಮೊಹಲ್ಲಾದವರೂ ಒಂದು ಪಟ್ಟಿ ಮಾಡೋಣ. ಏಳು, ಎಂಟು, ಒಂಬತ್ತನೆಯ ತರಗತಿಗಳಲ್ಲಿ ಶಾಲೆ ಬಿಟ್ಟವರು ಯಾರು, ಈಗ ಎಲ್ಲಿದ್ದಾರೆ ಎಂಬ ಪಟ್ಟಿ. ಅದನ್ನು ಮಸೀದಿ ಕಮಿಟಿಯ ಮುಂದೆಯೂ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಜಿನ ಮೇಲೆಯೂ ಇಡೋಣ.